ಸಭೆಯೇ ವೇದಿಕೆಯತ್ತ ಹೊರಟ ಸಂಜೆ

ಕುರ್ಚಿ ಹಾಕುವುದೆಂದರೆ ಏನೆಂದು ಲೋಕಕ್ಕೆ ಒಮ್ಮೆ ತೋರಿಸಿಕೊಟ್ಟೇ ಬಿಡಬೇಕೆಂದು ನಕ್ಷೆಗಾರರು ಸಂಕಲ್ಪ ಮಾಡಿದ್ದು ಹಲ್ಲುಜ್ಜುತ್ತಿರುವಾಗ. ಬಾಯ್ತುಂಬ ನೊರೆಯಿದ್ದುದರಿಂದ ಆ ಸಂಕಲ್ಪಕ್ಕೆ ತಕ್ಷಣ ಯಾರ ಆಕ್ಷೇಪವೂ ಬರಲಿಲ್ಲ. ನೊರೆ ಉಗುಳಿ, ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು ಅವರು ಘೋಷಿಸಿದರು:

“ಇವತ್ತು ಸಂಜೆ ಒಂದೇ ಒಂದು ಕುರ್ಚಿ, ಒಂದು ಕೂದಲೆಳೆಯಷ್ಟೂ ಅಲ್ಲಾಡೋದಿಲ್ಲ!”

“ಕನ್ನಡಿಗೆ ಹೇಳಿದ್ರೋ, ನನಗೆ ಹೇಳಿದ್ರೋ?” ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ ಕೇಳಿದಳು.

“ಇಬ್ಬರಿಗೂ.”

“ಕನ್ನಡಿ ಒಪ್ಪಿದ್ರೆ ಸರಿ. ಈಗ ಸ್ವಲ್ಪ ಸರೀರಿ, ನಾನು ಮುಖ ತೊಳೀಬೇಕು.”

ನಕ್ಷೆಗಾರರು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಅರ್ಧ ಆಯುಷ್ಯವನ್ನು ನೇರ ಗೆರೆ ಎಳೆಯುವುದರಲ್ಲೇ ಕಳೆದವರು. ಕಸುಬು ಅವರ ಹಿಂದೆಯೇ ಮನೆಗೂ ಬಂದುಬಿಟ್ಟಿತ್ತು. ಅವರ ಮನೆಯಲ್ಲಿ ಚಪ್ಪಲಿಗಳು ಸಮಾನಾಂತರವಾಗಿ ಮಲಗುತ್ತಿದ್ದವು. ಗೋಡೆಯ ಪಟ ಎಳ್ಳಷ್ಟು ವಾಲಿದರೂ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಇಂಥ ಶಿಸ್ತಿನ ಮನುಷ್ಯ ನೆಮ್ಮದಿಯಾಗಿ ಕೂತಿರಬಲ್ಲರೆಂದು ಯಾರಾದರೂ ಎಣಿಸಿದರೆ ಅದು ಶುದ್ಧ ತಪ್ಪು. ಲೋಕವೆಲ್ಲ ಸೊಟ್ಟಗಿರುವಾಗ ನೆಟ್ಟಗಿರುವವನಿಗೆ ವಿಶ್ರಾಂತಿ ಎಲ್ಲಿ? ಕೂತರೆ ಏಳಬೇಕು, ಎದ್ದರೆ ಏನನ್ನಾದರೂ ಸರಿಪಡಿಸಬೇಕು, ಸರಿಪಡಿಸಿದ್ದನ್ನು ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಬೇಕು, ನೋಡಿದ ಮೇಲೆ ಮತ್ತೆ ಸರಿಪಡಿಸಬೇಕು. “ನಿಮ್ಮನ್ನ ಕಟ್ಕೊಂಡ ಮೇಲೆ ನಮ್ಮನೆ ಮೇಜು ಒಂದೇ ಕಡೆ ಎರಡು ದಿನ ನಿಂತಿದ್ದು ನಾನು ಕಂಡಿಲ್ಲ” ಎಂದು ಹೆಂಡತಿ ಹೇಳುವುದಿತ್ತು. ನಕ್ಷೆಗಾರರು ಅದನ್ನು ಹೊಗಳಿಕೆಯ ಖಾತೆಗೆ ಸೇರಿಸಿಕೊಂಡಿದ್ದರು. ಬೇರೆ ಹೊಗಳಿಕೆ ಅವಳ ಬಾಯಿಂದ ಬಂದದ್ದು ಅಪರೂಪ.

ಆ ದಿನದ ಸಂಜೆಯಾದರೋ ಸಾಮಾನ್ಯ ಸಂಜೆಯಲ್ಲ. ಪಕ್ಕದ ಬೀದಿಯ ಸಮುದಾಯ ಭವನದ ಸಹಾಯಾರ್ಥವಾಗಿ ಜಾನಪದ ಹಾಡುಗಳ ಕಾರ್ಯಕ್ರಮ. ಆ ಭವನದ ವೈಭವವೆಲ್ಲ ಅದರ ಹಲಗೆಯ ನೆಲದಲ್ಲಿತ್ತು. ಹಲಗೆಯ ಕೆಳಗೆ ತೊಲೆ, ತೊಲೆಯ ಕೆಳಗೆ ಬರೀ ಗಾಳಿ. ಹೆಜ್ಜೆ ಊರಿದರೆ ನೆಲ ತುಸು ತಗ್ಗಿ, ಮರುಕ್ಷಣ ಕಾಲನ್ನು ಮೇಲಕ್ಕೆ ಎತ್ತಿ ಕೊಡುತ್ತಿತ್ತು. ಪ್ರತಿ ಶನಿವಾರ ಬೀದಿಯ ಜನ ಅಲ್ಲಿ ಸೇರಿ, ಕೈ ಕೈ ಹಿಡಿದು, ಸುತ್ತುಗಟ್ಟಿ ಕುಣಿಯುತ್ತಿದ್ದರು. ಹೆಜ್ಜೆ ಹೇಳಿಕೊಡುತ್ತಿದ್ದವಳು ನಕ್ಷೆಗಾರರ ಹೆಂಡತಿ. ವಾರವೆಲ್ಲ ಔಷಧದಂಗಡಿಯ ಕಟ್ಟೆಯ ಹಿಂದೆ ನಿಂತು ಊರ ಕೆಮ್ಮು, ಶೀತ, ಭೇದಿಗಳ ವರ್ಣನೆ ಕೇಳಿಸಿಕೊಳ್ಳುವ ಅವಳಿಗೆ ಆ ಒಂದು ಸಂಜೆಯೇ ಉಸಿರು.

ಈಗ ಆ ಉಸಿರಿಗೇ ಸಂಚಕಾರ ಬಂದಿತ್ತು. ಕಟ್ಟಡ ಸುರಕ್ಷತೆಯ ಅಧಿಕಾರಿಯೊಬ್ಬರು ಹಿಂದಿನ ವಾರ ಬಂದು, ನೆಲಕ್ಕೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ, ವೇದಿಕೆಯ ಕಡೆಯ ತೊಲೆಗಳು ಕುಗ್ಗಿವೆಯೆಂದು ಸಾರಿದ್ದರು. ಕುಗ್ಗಿದ್ದು ನಿಜವೇ. ಹಿಂಬಾಗಿಲ ಬಳಿ ಗೋಲಿ ಇಟ್ಟರೆ ಅದು ಯಾರ ಅಪ್ಪಣೆಗೂ ಕಾಯದೆ ವೇದಿಕೆಯವರೆಗೆ ಉರುಳಿಕೊಂಡು ಹೋಗುತ್ತಿತ್ತು.

“ತುಂಬಿದ ಸಭೇಲಿ ಈ ನೆಲ ಹೇಗಿರುತ್ತೆ ಅಂತ ನಾನೇ ಬಂದು ಕೂತು ನೋಡ್ತೀನಿ” ಎಂದಿದ್ದರು ಅಧಿಕಾರಿ. “ತಡೆಯುತ್ತೆ ಅನ್ನಿಸಿದ್ರೆ ತೊಲೆ ರಿಪೇರಿ ಮಾಡಿಸ್ಕೊಂಡು ಕುಣೀರಿ. ಇಲ್ಲಾಂದ್ರೆ ಹಲಗೆ ಕೀಳಿಸಿ ಸಿಮೆಂಟು ಹಾಕಿಸೋದೇ.”

“ಸಿಮೆಂಟಿನ ಮೇಲೆ ಕುಣಿದ್ರೆ ಮಂಡಿ ಉಳಿಯುತ್ತಾ ಸಾರ್?” ಎಂದು ಹೆಂಡತಿ ಕೇಳಿದ್ದಳು.

“ಸಿಮೆಂಟಿನ ಮೇಲೆ ಭಾಷಣ ಮಾಡ್ಬಹುದಲ್ಲ ಮೇಡಂ. ಮಂಡಿಗೇನೂ ಆಗಲ್ಲ.”

ಹೋಗುವ ಮುನ್ನ ಅವರು ಇನ್ನೊಂದು ಮಾತು ಸೇರಿಸಿದ್ದರು. ಕುರ್ಚಿಗಳನ್ನು ಒಂದೊಂದು ಸಾಲಿಗೂ ಅಕ್ಕಪಕ್ಕ ಕಟ್ಟಿರಬೇಕು. ಜನ ಗಾಬರಿಯಿಂದ ಎದ್ದರೆ ಬಿಡಿ ಕುರ್ಚಿ ಉರುಳಿ ಕಾಲಿಗೆ ತೊಡರಬಾರದು. ಭವನದ ಅಧ್ಯಕ್ಷೆ, ಬೀದಿಯ ಹಲ್ಲಿನ ಡಾಕ್ಟರು, ಈ ಮಾತನ್ನು ನಕ್ಷೆಗಾರರಿಗೆ ದಾಟಿಸಿದರು. “ಅಳತೆ, ಗೆರೆ, ಸಾಲು ಇವೆಲ್ಲ ನಿಮ್ಮ ಇಲಾಖೆ. ಕುರ್ಚಿ ಉಸ್ತುವಾರಿ ನಿಮ್ದು” ಎಂದರು. ಆ ಪದವಿ ಸಿಕ್ಕಂದಿನಿಂದ ನಕ್ಷೆಗಾರರಿಗೆ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಹೆಂಡತಿಯ ಶನಿವಾರವನ್ನು ಉಳಿಸಿಕೊಡುವ ಭಾರ ತಮ್ಮ ಎರಡು ಭುಜಗಳ ಮೇಲೆ, ಅಷ್ಟೂ ಕುರ್ಚಿಗಳ ರೂಪದಲ್ಲಿ, ಬಂದು ಕೂತಿದೆಯೆಂದೇ ಅವರು ಭಾವಿಸಿದ್ದರು.

ಬೆಳಿಗ್ಗೆ ಭವನಕ್ಕೆ ಹೋದಾಗ ಹೆಂಡತಿ ಆಗಲೇ ಅಲ್ಲಿ ಮಂಡಿಯೂರಿ ಕೂತು, ಮೇಣದ ಬತ್ತಿಯೊಂದನ್ನು ತುರಿಮಣೆಯಲ್ಲಿ ತುರಿದು ತುರಿದು ನೆಲಕ್ಕೆ ಉದುರಿಸುತ್ತಿದ್ದಳು. ಕುಣಿಯುವವರ ಪಾದ ಹಲಗೆಗೆ ಕಚ್ಚಿಕೊಳ್ಳದಿರಲೆಂದು ಪ್ರತಿ ಶನಿವಾರ ಮಾಡುವ ಕೆಲಸವದು. ಈ ಸಂಜೆಯೂ ಹಾಡುಗಳು ಮುಗಿದ ಮೇಲೆ ಕೊನೆಗೊಂದು ಕುಣಿತವಿತ್ತು.

“ನೆಲಕ್ಕೆ ಮೇಣ ಹಾಕಿದ್ದೀನಿ, ಹುಷಾರು” ಎಂದಳು.

“ಹೂಂ” ಎಂದರು ನಕ್ಷೆಗಾರರು. ಅವರ ಬಾಯಲ್ಲಿ ಅಳತೆ ಪಟ್ಟಿಯ ತುದಿಯಿತ್ತು; ಕಣ್ಣು ಪಕ್ಕದ ಗೋಡೆಯ ಕಿಟಕಿಯ ಚೌಕಟ್ಟಿನ ಮೇಲಿತ್ತು. ಕೊನೆಯ ಸಾಲಿನ ಬೆನ್ನು ಆ ಚೌಕಟ್ಟಿನ ಅಂಚಿಗೆ ಕರಾರುವಾಕ್ಕಾಗಿ ಕೂಡಬೇಕೆಂದು ಅವರು ನಿರ್ಧರಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಸಾಲುಗಳೆದ್ದವು. ಮಡಚುವ ಉಕ್ಕಿನ ಕುರ್ಚಿಗಳು. ಕಾಲಿನ ರಬ್ಬರು ಬಿರಡೆಗಳು ಎಂದೋ ಕಳಚಿ ಬಿದ್ದಿದ್ದವು. ಒಂದೊಂದು ಸಾಲನ್ನೂ ಅಕ್ಕಪಕ್ಕ ಕಟ್ಟಿ ಮುಗಿಸಿದಾಗ ನಕ್ಷೆಗಾರರು ದೂರ ನಿಂತು ಒಂದು ಕಣ್ಣು ಮುಚ್ಚಿದರು. ಚೆನ್ನಾಗಿತ್ತು. ಇನ್ನೊಂದು ಕಣ್ಣು ಮುಚ್ಚಿದರು. ಚೆನ್ನಾಗಿರಲಿಲ್ಲ! ಸಾಲುಗಳು ನೇರ, ಸರಿ. ಆದರೆ ಸಾಲಿಗೂ ಸಾಲಿಗೂ ನಡುವಿನ ಅಂತರ? ಯಾರೋ ಒಬ್ಬ ದಡಿಯ ಧೊಪ್ಪೆಂದು ಕೂತರೆ ಅವನ ಸಾಲು ಹಿಂದಕ್ಕೆ ಜರುಗುವುದಿಲ್ಲವೇ? ಜರುಗಿದರೆ ಅಂತರ ಕೆಡುವುದಿಲ್ಲವೇ? ಕೆಟ್ಟ ಅಂತರವನ್ನು ಅಧಿಕಾರಿ ನೋಡುವುದಿಲ್ಲವೇ?

ಅಧಿಕಾರಿ ಹೇಳಿದ್ದು ಅಡ್ಡಕ್ಕೆ ಕಟ್ಟಿ ಎಂದು. ನಕ್ಷೆಗಾರರು ಉದ್ದಕ್ಕೂ ಕಟ್ಟಲು ತೊಡಗಿದರು. ಮುಂದಿನ ಕುರ್ಚಿಯ ಹಿಂಗಾಲಿಗೆ ಹಿಂದಿನ ಕುರ್ಚಿಯ ಮುಂಗಾಲು, ನಡುವೆ ಬಿಗಿತಕ್ಕೊಂದು ಅಳತೆಯ ಕೋಲು. ಮೂಲೆಯಿಂದ ಮೂಲೆಗೆ ಕರ್ಣರೇಖೆಯಲ್ಲಿ ಇನ್ನೊಂದು ಸುತ್ತು. ಹಗ್ಗ ಮುಗಿಯಿತು. ಮನೆಗೆ ಓಡಿದರು. ಮಹಡಿಯ ಮೇಲೆ ಒದ್ದೆ ಬಟ್ಟೆ ಹೊತ್ತು ನಿಂತಿದ್ದ ಉದ್ದನೆಯ ಹಗ್ಗ ಅವರನ್ನೇ ಕಾಯುತ್ತಿತ್ತು. ಅದೂ ಮುಗಿಯಿತು. ಮತ್ತೆ ಓಡಿದರು. ಈ ಸಲ ಕಪಾಟು ತೆರೆದು, ಕೈಗೆ ಸಿಕ್ಕಿದ ಪಾಯಿಜಾಮಗಳ ಲಾಡಿಗಳನ್ನೆಲ್ಲ ಸರಸರನೆ ಎಳೆದುಕೊಂಡು ಬಂದರು. ಧ್ಯೇಯ ದೊಡ್ಡದಿದ್ದಾಗ ಸೊಂಟದ ಚಿಂತೆ ಸಲ್ಲದು!

ಕೊನೆಯ ಗಂಟು ಬಿದ್ದಾಗ ನಕ್ಷೆಗಾರರು ತುದಿಯ ಕುರ್ಚಿಯೊಂದನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಅದರ ಹಿಂದೆ ಇಡೀ ಸೈನ್ಯ ನಿಂತಿತ್ತು.

ಹೊತ್ತಿಗೆ ಸರಿಯಾಗಿ ಹೆಂಡತಿ ಮನೆಯಿಂದ ಬಂದಳು. ಮುಖ ನೋಡಿದರೆ ಶುಭಸೂಚನೆ ಕಾಣಲಿಲ್ಲ.

“ಏನ್ರೀ, ಬಟ್ಟೆಯೆಲ್ಲ ಸೋಫಾ ಮೇಲೆ ನೀರು ಸುರಿಸ್ತಾ ಕೂತಿವೆ. ಹಗ್ಗ ಎಲ್ಲಿ?”

“ಒಂದು ಮಹತ್ಕಾರ್ಯಕ್ಕೆ ಬಳಕೆಯಾಗಿದೆ.”

ಅವಳು ಬಗ್ಗಿ ನೋಡಿದಳು. ಒಂದು ಕುರ್ಚಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಅವಳ ದೃಷ್ಟಿ ಜೇಡರ ಬಲೆಯಲ್ಲಿ ಸಿಕ್ಕ ನೊಣದ ಹಾಗೆ ಒದ್ದಾಡಿತು.

“ಅಲ್ಲ, ಹಾಡು ಮುಗಿದ ಮೇಲೆ ಕುಣಿತ ಇದೆ. ಆಗ ಕುರ್ಚಿ ತೆಗೀಬೇಕು. ಗೊತ್ತು ತಾನೆ?”

“ತೆಗೀಬೇಕಾ?” ಎಂದರು ನಕ್ಷೆಗಾರರು. ಕಟ್ಟಿದ್ದನ್ನು ಬಿಚ್ಚುವ ಪ್ರಸಂಗ ಅವರ ಯೋಜನೆಯಲ್ಲಿ ಎಲ್ಲಿಯೂ ಬಂದಿರಲಿಲ್ಲ.

ಅಷ್ಟರಲ್ಲಿ ಜನ ಬರತೊಡಗಿದರು. ಮಾತು ಅಲ್ಲಿಗೇ ನಿಂತಿತು.

ಭವನ ತುಂಬಿತು. ಅಧಿಕಾರಿ ಬಂದು ಮೊದಲ ಸಾಲಿನ ನಟ್ಟನಡುವೆ ಕೂತರು. ಪಕ್ಕದಲ್ಲಿ ಅಧ್ಯಕ್ಷೆ, ಬಾಯ್ತುಂಬ ತಮ್ಮ ವೃತ್ತಿಗೆ ತಕ್ಕ ನಗು ತುಂಬಿಕೊಂಡು. ನಕ್ಷೆಗಾರರು ಕೊನೆಯ ಸಾಲಿನ ತುದಿಯನ್ನು ಆರಿಸಿಕೊಂಡರು; ಅಲ್ಲಿಂದ ಸಾಲುಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತಿದ್ದವು. ಅವರ ಪಕ್ಕಕ್ಕೆ, ಅವರ ಮನೆಯಲ್ಲೇ ಇದ್ದ ಮಾವನವರು, ನಿವೃತ್ತ ರೈಲು ಚಾಲಕರು, ಸೊಂಟದ ಹತ್ತಿರ ಒಂದು ಕೈ ಭದ್ರವಾಗಿಟ್ಟುಕೊಂಡೇ ಬಂದು ಕೂತರು.

“ಅಳಿಯಂದ್ರೇ, ನನ್ನ ಪಾಯಿಜಾಮಕ್ಕೆ ಲಾಡಿ ಇರಲಿಲ್ಲ. ಪಿನ್ ಹಾಕ್ಕೊಂಡು ಬಂದಿದ್ದೀನಿ. ನಗೋ ಹಾಡು ಹಾಡಿದ್ರೆ ಕಷ್ಟ.”

ನಕ್ಷೆಗಾರರು ಕೇಳಿಸದವರ ಹಾಗೆ ಕಿಟಕಿಯ ಕಡೆ ನೋಡಿದರು.

ಹಾಡುಗಾರ್ತಿ ವೇದಿಕೆಗೆ ಬಂದಳು. ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ಕಂಠ, ಸೊಂಟಕ್ಕೆ ಕಟ್ಟಿದ ಡೋಲು. ಮೊದಲನೆಯದು ಬೀಸುವ ಹಾಡು, ನಿಧಾನ. ಸಭೆ ತಲೆದೂಗಿತು. ನೆಲ ತೆಪ್ಪಗಿತ್ತು. ಅಧಿಕಾರಿ ಒಮ್ಮೆ ಬಗ್ಗಿ ಹಲಗೆಯ ಸಂದು ನೋಡಿ, ಸಮಾಧಾನದಿಂದ ಬೆನ್ನು ಒರಗಿಸಿದರು. ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ ಹೆಂಡತಿ ಅಷ್ಟು ದೂರದಿಂದಲೇ ಗಂಡನನ್ನು ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. ನಕ್ಷೆಗಾರರ ಎದೆ ಒಂದು ಅಂಗುಲ ಮುಂದೆ ಬಂತು.

ಎರಡನೆಯದು ಹಾಗಿರಲಿಲ್ಲ. ಡೋಲಿನ ಮೇಲೆ ನಾಲ್ಕು ಪೆಟ್ಟು ಬಿದ್ದದ್ದೇ ತಡ, ಸಭೆಯ ಪಾದಗಳಿಗೆ ಜೀವ ಬಂತು. ಕೂತಿದ್ದವರು ಸಾಮಾನ್ಯ ಶ್ರೋತೃಗಳೇ? ಅಲ್ಲ, ಶನಿವಾರದ ಕುಣಿತದವರು! ಅವರ ಕಾಲುಗಳಿಗೆ ಸುಮ್ಮನಿರುವ ವಿದ್ಯೆಯೇ ಗೊತ್ತಿರಲಿಲ್ಲ. ಹಿಮ್ಮಡಿ ಎತ್ತಿ ಮುಂಗಾಲು ಊರಿ, ಮುಂಗಾಲು ಎತ್ತಿ ಹಿಮ್ಮಡಿ ಊರಿ, ತಾಳ ಹಾಕಿದರು. ಒಬ್ಬರ ಮೊಣಕಾಲಿನ ಕುಲುಕು ಅವರ ಕುರ್ಚಿಗೆ, ಅವರ ಕುರ್ಚಿಯದು ಪಕ್ಕದ ಕುರ್ಚಿಗೆ, ಒಂದು ಸಾಲಿನದು ಇನ್ನೊಂದು ಸಾಲಿಗೆ! ನಕ್ಷೆಗಾರರ ಗಂಟುಗಳು ಯಾವ ಕುಲುಕನ್ನೂ ದಾರಿಯಲ್ಲಿ ಪೋಲಾಗಲು ಬಿಡಲಿಲ್ಲ. ನೆಲ ತಗ್ಗಿ ಎದ್ದಿತು, ಎದ್ದು ತಗ್ಗಿತು.

ನಕ್ಷೆಗಾರರ ಕಣ್ಣು ಅಭ್ಯಾಸಬಲದಿಂದ ಕಿಟಕಿಯ ಚೌಕಟ್ಟಿಗೆ ಹೋಯಿತು. ಕಿಟಕಿ ಹಿಂದಕ್ಕೆ ಸರಿದಿತ್ತು!

ಕುರ್ಚಿ ಮುಂದಕ್ಕೆ ಹೋಗಿರಬಹುದೆಂಬ ಯೋಚನೆ ಅವರ ಹತ್ತಿರಕ್ಕೂ ಬರಲಿಲ್ಲ. ಕುರ್ಚಿ ಕಟ್ಟಿದವರು ತಾವು. ಕಿಟಕಿ ಕಟ್ಟಿದವರು ಯಾರೋ. ಆ ಗಾರೆಯವನ ಕೆಲಸವನ್ನು ಮನಸ್ಸಿನಲ್ಲೇ ಬೈಯುತ್ತಿರುವಾಗ ಮಾವನವರು ಅವರ ಕಿವಿಯ ಬಳಿ ಬಾಗಿದರು. ಆ ಮುದಿ ಕಣ್ಣುಗಳಲ್ಲಿ ಬಹಳ ದಿನದಿಂದ ಕಾಣದ ಹೊಳಪಿತ್ತು.

“ಅಳಿಯಂದ್ರೇ, ಗಾಡಿ ಬಿಟ್ಟಿದೆ.”

“ಯಾವ ಗಾಡಿ?”

“ನಾವು ಕೂತಿರೋ ಗಾಡಿ. ನೆಲದ ಹಲಗೆ ನೋಡಿ, ಹಿಂದಕ್ಕೆ ಓಡ್ತಿದೆ.”

ನಕ್ಷೆಗಾರರು ಕೆಳಗೆ ನೋಡಿದರು. ಮೇಣ ಮೆತ್ತಿದ ಹಲಗೆಗಳು ಒಂದೊಂದಾಗಿ, ಅವಸರವಿಲ್ಲದೆ, ಕುರ್ಚಿಯ ಕಾಲಡಿಯಿಂದ ಹಿಂದಕ್ಕೆ ಸರಿದು ಹೋಗುತ್ತಿದ್ದವು. “ಹೂಂ” ಎಂದು ತಾವು ಬೆಳಿಗ್ಗೆ ಅಂದದ್ದರ ಪೂರ್ಣಾರ್ಥ ಅವರಿಗೆ ಆಗ ಹೊಳೆಯಿತು. ಮೇಣ, ಇಳಿಜಾರು, ತಾಳ, ಜೊತೆಗೆ ಒಂದು ಕುರ್ಚಿಯೂ ತಪ್ಪಿಸಿಕೊಳ್ಳಲಾರದ ಹಾಗೆ ಹೆಣೆದ ತಮ್ಮ ಹಗ್ಗ! ಸಭೆಗೆ ಸಭೆಯೇ ಒಂದು ತೆಪ್ಪವಾಗಿ, ನೆಲದಲ್ಲಿ ಯಾವ ಭಾಗ ದುರ್ಬಲವೋ ಸರಿಯಾಗಿ ಆ ಭಾಗಕ್ಕೆ ಪ್ರಯಾಣ ಬೆಳೆಸಿತ್ತು.

ಅವರು ಎದ್ದರು. ಹಿಂದೆ ಹೋಗಿ ಕೊನೆಯ ಸಾಲಿನ ನಡುವಣ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಜಗ್ಗಿದರು. ತೆಪ್ಪ ನಿಲ್ಲಲಿಲ್ಲ. ನಕ್ಷೆಗಾರರೂ ಅದರ ಹಿಂದೆ, ನೇಗಿಲು ಹಿಡಿದವರ ಭಂಗಿಯಲ್ಲಿ, ಹೆಜ್ಜೆ ಎತ್ತದೆಯೇ ಜಾರಿಕೊಂಡು ಹೊರಟರು.

ಆ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದಳು. “ಯಾಕ್ರೀ ತಳ್ತಿದ್ದೀರಿ?”

“ತಳ್ತಿಲ್ಲಮ್ಮ, ಎಳೀತಿದ್ದೀನಿ!”

“ಎರಡರಲ್ಲಿ ಯಾವುದೂ ಬೇಡ, ಹಾಡು ಕೇಳಕ್ಕೆ ಬಿಡಿ.”

ಮೊದಲ ಸಾಲಿನಲ್ಲಿ ಅಧ್ಯಕ್ಷೆಗೆ ವಿಷಯ ತಿಳಿದಿತ್ತು. ವೇದಿಕೆ ಹತ್ತಿರವಾಗುವುದನ್ನು ಅವರು ಕಣ್ಣಾರೆ ಕಂಡರು. ಆದರೆ ಪಕ್ಕದಲ್ಲಿ ಅಧಿಕಾರಿ! ಅವರು ಹಿಂದಕ್ಕೆ ಹೊರಳಿ, ನಗು ಕದಲಿಸದೆ, ಹಲ್ಲಿನ ಸಂದಿನಿಂದ ಪಿಸುಗುಟ್ಟಿದರು: “ಯಾರೂ ಏಳ್ಬೇಡಿ. ಏನೂ ಆಗ್ತಿಲ್ಲ. ನಗ್ತಾ ಇರಿ.” ಆ ಅಪ್ಪಣೆ ಸಾಲಿಂದ ಸಾಲಿಗೆ ಹಿಂದಕ್ಕೆ ಹೋಯಿತು. ನಗುತ್ತ, ತಾಳ ಹಾಕುತ್ತ, ಏನೂ ಆಗದಿರುವ ಸಭೆ ಮುಂದೆ ಮುಂದೆ ತೇಲಿತು. ಗಾಬರಿಬಿದ್ದ ಕೆಲವರು ಏಳಲು ನೋಡಿ ಮುಂದಿನ ಕುರ್ಚಿಯ ಬೆನ್ನು ಹಿಡಿದು ಜೋಲಿ ಹೊಡೆದರು. ತೆಪ್ಪಕ್ಕೆ ಅದೇ ಹುಟ್ಟಾಯಿತು.

ಹಾಡುಗಾರ್ತಿಗೆ ಇದೆಲ್ಲ ಬೇರೆಯೇ ರೀತಿ ಕಂಡಿತು. ಇಷ್ಟು ವರ್ಷ ಹಾಡಿದ್ದಳು. ಜನ ಎದ್ದು ಹೋದದ್ದು ಕಂಡಿದ್ದಳು, ನಿದ್ದೆ ಹೋದದ್ದು ಕಂಡಿದ್ದಳು. ಕೂತ ಕೂತಲ್ಲೇ, ಕುರ್ಚಿ ಸಮೇತ, ಹಾಡಿಗೆ ಸೋತು ಹತ್ತಿರ ಬರುವ ಸಭೆಯನ್ನು ಕಂಡದ್ದು ಇದೇ ಮೊದಲು! ಅವಳ ಕಣ್ಣು ತುಂಬಿ ಬಂತು.

“ಬನ್ನಿ, ಬನ್ನಿ! ಇನ್ನೂ ಹತ್ತಿರ ಬನ್ನಿ!” ಎಂದು ಕೂಗಿ, ಡೋಲಿನ ಗತಿಯನ್ನು ಇಮ್ಮಡಿ ಮಾಡಿದಳು.

“ಸ್ಪೀಡು ಜಾಸ್ತಿಯಾಯ್ತು!” ಎಂದರು ಮಾವನವರು ಪರಮಾನಂದದಿಂದ. ಅಷ್ಟಕ್ಕೇ ಬಿಡದೆ ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಸಿಳ್ಳೆ ಹೊಡೆದರು. ಜನ ಅದನ್ನು ಮೆಚ್ಚುಗೆಯೆಂದು ತಿಳಿದು ತಾವೂ ಸಿಳ್ಳೆ ಹೊಡೆದರು.

“ಮಾವಾ, ದಯವಿಟ್ಟು ಇಳೀರಿ, ನೀವಾದ್ರೂ ಹಿಡ್ಕೊಳ್ಳಿ!”

“ಎರಡು ಕೈಲಿ ಹಿಡ್ಕೋಬೇಕಾದ್ದು ಇನ್ನೊಂದಿದೆ ಅಳಿಯಂದ್ರೇ. ಪಿನ್ ಬಿಚ್ಕೊಂಡಿದೆ.”

ಅಧಿಕಾರಿ ಆವರೆಗೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮೊಣಕಾಲಿಗೆ ಏನೋ ತಗುಲಿತೆಂದು ಕಣ್ಣು ಬಿಟ್ಟರೆ ಎದುರಿಗೆ, ಮೂಗಿನಿಂದ ಗೇಣು ದೂರದಲ್ಲಿ, ಹಾಡುಗಾರ್ತಿಯ ಕಾಲ ಹೆಬ್ಬೆರಳು! ಎರಡೂ ಮೊಣಕಾಲು ವೇದಿಕೆಯ ಅಂಚಿನಡಿ ಸಿಕ್ಕಿಕೊಂಡಿದ್ದವು. ಅದೇ ಗಳಿಗೆಗೆ ನೆಲದಡಿಯಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ಯಾರೋ ದೈತ್ಯನೊಬ್ಬ ಕತ್ತಲಲ್ಲಿ ನೆಟಿಗೆ ಮುರಿದಂಥ ಸದ್ದು.

ಲಟಕ್!

ಡೋಲು ನಿಂತಿತು. ಹಾಡು ನಿಂತಿತು. ತೆಪ್ಪವೂ ನಿಂತಿತು. ನೆಲ ಎಲ್ಲರನ್ನೂ ಹೊತ್ತು ಸಣ್ಣಗೆ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ, ತೂಗಿತು. ಇಡೀ ಸಭೆಯ ಭಾರವೆಲ್ಲ ಕುಗ್ಗಿದ ತೊಲೆಗಳ ಮೇಲೆ ಬಂದು ನಿಂತಿತ್ತು. ನಕ್ಷೆಗಾರರಿಗೆ ಹೆಂಡತಿಯ ಮುಖ ಕಂಡಿತು. ಅದು ಬಿಳಿಚಿಕೊಂಡಿತ್ತು. ಆ ಮುಖದಲ್ಲಿ ಅವರ ಮೇಲಿನ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ನೆಲವನ್ನು ನೋಡುತ್ತಿದ್ದಳು, ಕಾಯಿಲೆಯಾದವರನ್ನು ನೋಡುವ ಹಾಗೆ.

“ಎಲ್ಲಾ ಒಟ್ಟಿಗೆ ಎದ್ದು ಓಡಿದ್ರೆ ಮುಗೀತು” ಎಂದರು ಅಧಿಕಾರಿ, ಕೂತಲ್ಲಿಂದಲೇ, ಯಾರನ್ನೂ ಹೆದರಿಸದ ದನಿಯಲ್ಲಿ. “ನನಗಂತೂ ಏಳೋಕೂ ಆಗಲ್ಲ.”

ಹೆಂಡತಿ ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಆಮೇಲೆ ವೇದಿಕೆ ಹತ್ತಿ, ಶನಿವಾರದ ದನಿಯಲ್ಲಿ ಚಪ್ಪಾಳೆ ತಟ್ಟಿದಳು.

“ಯಾರೂ ಏಳ್ಬೇಡಿ! ಬೆನ್ನು ನೆಟ್ಟಗೆ. ಪಾದ ಎರಡೂ ಮುಂದಕ್ಕೆ ಚಾಚಿ ಊರಿ. ನಾನು ಒಂದು ಅಂದ್ರೆ ನೆಲ ತಳ್ಳಿ, ಎರಡು ಅಂದ್ರೆ ಕಾಲು ಮಡಚಿ. ನಾವು ಹಿಂದಕ್ಕೆ ಕುಣೀತಿದ್ದೀವಿ, ಅಷ್ಟೇ. ಅಕ್ಕಾ, ಮೊದಲನೇ ಹಾಡು ಹೇಳಿ. ಬೀಸೋದು. ಮೆತ್ತಗೆ!”

ಹಾಡುಗಾರ್ತಿ ಮೆತ್ತಗೆ ಎತ್ತಿಕೊಂಡಳು. “ಒಂದು!” ಎಂದಳು ಹೆಂಡತಿ. ಭವನದಲ್ಲಿದ್ದ ಕಾಲುಗಳೆಲ್ಲ ಏಕಕಾಲಕ್ಕೆ ನೆಲವನ್ನು ತಳ್ಳಿದವು. ತೆಪ್ಪ ಒಂದು ಗೇಣು ಹಿಂದಕ್ಕೆ ಬಂತು. “ಎರಡು!” ಕಾಲುಗಳು ಮಡಚಿದವು. “ಸಾರ್, ನೀವೂ! ಮೊಣಕಾಲು ಬಿಡಿಸ್ಕೊಳ್ಳಿ. ಎಡಗಾಲು ಚುರುಕಾಗಲಿ!” ಅಧಿಕಾರಿ ಎಡಗಾಲು ಚುರುಕು ಮಾಡಿದರು. ಅಧ್ಯಕ್ಷೆ ನಗುವುದನ್ನು ಮರೆತು ತಳ್ಳಿದರು. ಶನಿವಾರದವರಿಗೆ ಇದೇನು ಮಹಾ? ಒಬ್ಬರ ಹೆಜ್ಜೆಯೂ ತಪ್ಪಲಿಲ್ಲ. ಸಾಲಿಗೆ ಸಾಲು, ಕೂತೇ ಕುಣಿಯುತ್ತ, ದಿಬ್ಬ ಹತ್ತುವ ಗೂಡ್ಸ್ ಗಾಡಿಯ ಹಾಗೆ ಏದುಸಿರಿನೊಂದಿಗೆ ಹಿಮ್ಮೆಟ್ಟಿತು.

“ರಿವರ್ಸ್!” ಎಂದು ಮಾವನವರು ಸಾರಿದರು.

ಈ ಚಳವಳಿಯಲ್ಲಿ ಎಲ್ಲರೂ ಮರೆತ ಒಬ್ಬ ವ್ಯಕ್ತಿ ಇದ್ದರು. ತೆಪ್ಪದ ಹಿಂದೆ ನೇಗಿಲು ಹಿಡಿದು ನಿಂತಿದ್ದ ನಕ್ಷೆಗಾರರು! “ಒಂದು” ಎಂದಾಗ ಅವರು ಒಂದು ಗೇಣು ಹಿಂದೆ ಹೋದರು. ಮತ್ತೊಂದು “ಒಂದು” ಎಂದಾಗ ಮತ್ತೊಂದು ಗೇಣು. ನಾನಿಲ್ಲಿದ್ದೇನೆ ಎಂದು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಬೆನ್ನಿಗೆ ಗೋಡೆ ಸಿಕ್ಕಿತು, ಹೊಟ್ಟೆಗೆ ಕೊನೆಯ ಸಾಲು ಸಿಕ್ಕಿತು. ಅಂತೂ ಕೊನೆಯ ಸಾಲು ಒಂದು ದೃಢವಾದ ಆಧಾರವನ್ನು ಮುಟ್ಟಿತ್ತು.

ಜನ ಸಾಲುಸಾಲಾಗಿ, ತುದಿಯಿಂದ, ಸದ್ದಿಲ್ಲದೆ ಇಳಿದು ಗೋಡೆಯುದ್ದಕ್ಕೆ ನಿಂತರು. ನಕ್ಷೆಗಾರರನ್ನು ಇಬ್ಬರು ಹಿಡಿದು ಮೇಲಕ್ಕೆ ಕಿತ್ತರು. ಅಧಿಕಾರಿ ಮಾತ್ರ ಸೀದಾ ವೇದಿಕೆಯ ಬುಡಕ್ಕೆ ಹೋಗಿ, ಬೋರಲು ಮಲಗಿದ್ದೊಂದು ಬಾಕಿ, ಕಿವಿಯನ್ನು ಹಲಗೆಗೆ ಒತ್ತಿಕೊಂಡರು. ತಟ್ಟಿದರು. ಮುಂದೆ ಸರಿದು ಮತ್ತೆ ತಟ್ಟಿದರು. ಆಮೇಲೆ ಮೂಲೆಯ ಮುಚ್ಚಳ ಎತ್ತಿಸಿ, ಟಾರ್ಚು ಹಿಡಿದು, ನೆಲದಡಿಗೆ ತಲೆ ತೂರಿಸಿದರು. ಬಹಳ ಹೊತ್ತು ಅವರ ಅರ್ಧಾಂಶ ಮಾತ್ರ ಸಭೆಗೆ ಕಾಣುತ್ತಿತ್ತು. ಸಭೆ ಅದನ್ನೇ ಕಣ್ಣು ಮಿಟುಕಿಸದೆ ನೋಡಿತು. ಹೆಂಡತಿ ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆಯುತ್ತ ನಿಂತಿದ್ದಳು. ನಕ್ಷೆಗಾರರು ಅವಳ ಪಕ್ಕಕ್ಕೆ ಹೋದರು. ಕ್ಷಮೆ ಕೇಳಲು ವಾಕ್ಯ ಸಿದ್ಧವಾಗಿತ್ತು.

ಆದರೆ ಅದಕ್ಕಿಂತ ಮೊದಲು ಅಧಿಕಾರಿ ಹೊರಬಂದರು. ತಲೆಯ ಮೇಲೆ ಜೇಡರ ಬಲೆ.

“ಮುರಿದಿದ್ದು ತೊಲೆಯಲ್ಲ. ತೊಲೆಗೂ ಗೋಡೆಗೂ ನಡುವೆ ಒಂದು ಹಳೇ ಬೆಣೆ. ತೊಲೆ ಗಟ್ಟಿಯಾಗಿದೆ” ಎಂದರು. “ಮರಳಿನ ಮೂಟೆ ತರಿಸಿ ಇಲ್ಲಿ ಪೇರಿಸಿ ಪರೀಕ್ಷೆ ಮಾಡ್ಬೇಕು ಅಂತಿದ್ದೆ. ಮೂಟೆಗಳ ಬದಲು ನೀವೇ ಬಂದ್ರಿ. ಯಾವ ನಿಯಮದಲ್ಲೂ ಇದಕ್ಕೆ ಅವಕಾಶ ಇಲ್ಲ. ಆದ್ರೆ ಪರೀಕ್ಷೆ ಅಂತೂ ಆಯ್ತು. ಬೆಣೆ ಬದಲಾಯಿಸಿ, ತೊಲೆ ಎತ್ತಿ ಕೂರಿಸಿ. ಹಲಗೆ ಇರಲಿ.”

“ಕುಣಿತ ಸಾರ್?” ಹೆಂಡತಿ ಸೆರಗು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ಕುಣೀರಿ. ವೇದಿಕೆ ಕಡೆ ಬರಬೇಡಿ, ಈ ಹಿಂದುಗಡೆ ಕುಣೀರಿ. ನಿಂತವರ ಬಗ್ಗೆ ನನಗೆ ಚಿಂತೆಯಿಲ್ಲ ಮೇಡಂ.” ಅವರು ಕುರ್ಚಿಗಳ ಕಡೆ ತಿರುಗಿದರು. “ಅಪಾಯ ಎಲ್ಲ ಕೂತವರದ್ದು. ಅಡ್ಡಕ್ಕೆ ಕಟ್ಟಿ ಅಂದ್ರೆ ಉದ್ದಕ್ಕೂ ಕಟ್ಟಿದ ಮಹಾನುಭಾವರು ಯಾರು?”

ಇಡೀ ಸಭೆಯಲ್ಲಿ ಒಬ್ಬರೂ ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ, ಎಲ್ಲರೂ ಅವರನ್ನೇ ನೋಡುತ್ತಿದ್ದರು.

“ಬಹಳ ಒಳ್ಳೇ ಗಂಟುಗಳು” ಎಂದರು ಅಧಿಕಾರಿ ಗಂಭೀರವಾಗಿ. “ಇನ್ಮುಂದೆ ಕಟ್ಬೇಡಿ.”

ಡೋಲು ಮತ್ತೆ ಎದ್ದಿತು. ಆದರೆ ಕುಣಿಯುವುದು ಎಲ್ಲಿ? ವೇದಿಕೆಯ ಕಡೆ ಹೋಗುವಂತಿಲ್ಲ. ಈ ಕಡೆಯೆಲ್ಲ ತೆಪ್ಪ. ಅದನ್ನು ಎತ್ತಲು ನೋಡಿದರು. ಒಂದು ಮೂಲೆ ಎದ್ದರೆ ಇನ್ನೊಂದು ಮೂಲೆ ಜಗ್ಗಿತು. ಬಾಗಿಲಲ್ಲಿ ಹೊರಕ್ಕೆ ಕಳಿಸೋಣವೆಂದರೆ ಬಾಗಿಲಿಗಿಂತ ಅದೇ ದೊಡ್ಡದು. ಯಾರೋ ಕತ್ತರಿ ತಂದರು.

“ಕತ್ತರಿಸೋ ಹಾಗಿಲ್ಲ!” ಹೆಂಡತಿ ತಡೆದಳು. “ಅದು ನನ್ನ ಬಟ್ಟೆ ಹಗ್ಗ. ಕಟ್ಟಿದವರೇ ಬಿಚ್ಚಲಿ.”

“ಲಾಡಿ ನಂದು” ಎಂದು ಮಾವನವರು ದೂರದಿಂದಲೇ ಜ್ಞಾಪಿಸಿದರು.

ತೆಪ್ಪವನ್ನು ಗೋಡೆಯಿಂದ ಸ್ವಲ್ಪ ಎಳೆದು ಹಿಂಭಾಗದ ಮಧ್ಯಕ್ಕೆ ತಂದರು. ಎಳ್ಳಷ್ಟೂ ಕಷ್ಟವಾಗಲಿಲ್ಲ, ಅಷ್ಟು ಚೆನ್ನಾಗಿ ಜಾರುತ್ತಿತ್ತು. ನಕ್ಷೆಗಾರರು ಅದರ ನಡುಮಧ್ಯದ ಕುರ್ಚಿಗೆ ಹತ್ತಿ ಕೂತು, ಬಗ್ಗಿ, ಮೊದಲ ಗಂಟಿಗೆ ಉಗುರು ಹಾಕಿದರು. ಸುತ್ತಲೂ ಜನ ಕೈ ಕೈ ಹಿಡಿದು ದುಂಡಗೆ ನಿಂತರು. ಹಾಡು ಹೊರಟಿತು, ಹೆಜ್ಜೆ ಹೊರಟಿತು, ನೆಲ ತಗ್ಗಿ ತಗ್ಗಿ ಎಲ್ಲರನ್ನೂ ಮೇಲಕ್ಕೆ ಎತ್ತಿ ಕೊಟ್ಟಿತು. ಅಧಿಕಾರಿ ಜೇಡರ ಬಲೆಯ ಸಮೇತ ಅಧ್ಯಕ್ಷೆಯ ಕೈ ಹಿಡಿದು ಸುತ್ತುತ್ತಿದ್ದರು, ಎಡಗಾಲು ಚುರುಕಾಗಿತ್ತು.

ಹೆಂಡತಿ ಮೊದಲ ಸುತ್ತಿನಲ್ಲಿ ಬಗ್ಗಿ ಗಂಟುಗಳನ್ನು ನೋಡಿಕೊಂಡು ಹೋದಳು. ಎರಡನೇ ಸುತ್ತಿನಲ್ಲಿ, “ಎಷ್ಟು ಬಿಚ್ಚಿದ್ರಿ?” ಎಂದಳು.

“ಒಂದು” ಎಂದರು ನಕ್ಷೆಗಾರರು. ಬೆರಳ ತುದಿ ಉರಿಯುತ್ತಿತ್ತು. ಸುತ್ತಲೂ ಅಷ್ಟು ಕಾಲುಗಳು ಕುಣಿಯುವಾಗ ಒಂದೇ ಕಡೆ ಕೂತಿರುವುದು ಎಂಥ ಶಿಕ್ಷೆಯೆಂದು ಅವರಿಗೆ ಇದುವರೆಗೆ ತಿಳಿದಿರಲಿಲ್ಲ. ಅವರ ಹಿಮ್ಮಡಿಯೂ ತಾಳ ಹಾಕುತ್ತಿತ್ತು. ಒಂದು ಗಂಟು ಸಡಿಲವಾದರೆ ಇನ್ನೊಂದು ಬಿಗಿಯಾಗುತ್ತಿತ್ತು. “ಬೇಗ ಬಿಚ್ಚಿಬಿಡ್ತೀನಿ ಕಣೇ! ಆಮೇಲೆ ನಾನೂ ಬರ್ತೀನಿ!” ಎಂದು ಕೂಗಿದರು.

ಅವಳು ಆ ಸುತ್ತು ಪೂರ್ತಿ ಮಾಡಿ ಬಂದಳು. ಮುಖ ಕೆಂಪೇರಿತ್ತು, ಕೂದಲು ಕೆದರಿತ್ತು. ಎಷ್ಟೋ ದಿನದ ಮೇಲೆ ಬಾಯ್ತುಂಬ ನಗುತ್ತಿದ್ದಳು.

“ಅವಸರ ಇಲ್ಲಾರೀ, ನಿಧಾನಕ್ಕೆ ಬಿಚ್ಚಿ! ಈ ಕುಣಿತಕ್ಕೆ ನಡುವೆ ಅಲ್ಲಾಡದ ಒಂದು ಗೂಟ ಬೇಕು ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದ್ದೆ!”